ತೊಟ್ಟು ಹಿಡಿಯುವ ಕೈ

ಚಳಿ ಹಿಂದೆ ಸರಿದು ಬಿಸಿಲು ಚುರುಕಾಗುವ ಹೊತ್ತಿಗೆ ಖರಾಡಿಯ ರಸ್ತೆಬದಿಗಳಲ್ಲಿ ದ್ರಾಕ್ಷಿಯ ಗಾಡಿಗಳು ಬಂದು ನಿಲ್ಲುತ್ತವೆ. ಹಿಂದೆ ಗಾಜಿನ ಗೋಡೆಯ ಎತ್ತರದ ಕಚೇರಿಗಳು, ಅವುಗಳ ನೆರಳಿನಲ್ಲಿ ತಕ್ಕಡಿ ಮತ್ತು ಹಸಿರು ಗೊಂಚಲುಗಳ ರಾಶಿ. ವರ್ಗಾವಣೆಯ ಆದೇಶ ಹಿಡಿದು ಈ ಊರಿಗೆ ಬಂದ ಮೊದಲ ವರ್ಷ ಅಂಥದೊಂದು ಗಾಡಿಯ ಮುಂದೆ ನಿಂತು ನಾವು ಗೊಂಚಲೊಂದನ್ನು ಅಂಗೈ ತುಂಬ ಎತ್ತಿಕೊಂಡೆವು. ಅಷ್ಟರಲ್ಲೇ ಮನೆಯವರೊಡನೆ ಫೋನಿನಲ್ಲಿ ಕನ್ನಡ ಮಾತನಾಡಿದ್ದುದು ಗಾಡಿಯ ಒಡತಿಯ ಕಿವಿಗೆ ಬಿದ್ದಿರಬೇಕು. ಆಕೆ ಮರಾಠಿಯನ್ನು ಬದಿಗಿಟ್ಟು ನಮ್ಮ ಭಾಷೆಯಲ್ಲೇ ಗದರಿದಳು: "ಹಣ್ಣ ಮುಟ್ಟಬ್ಯಾಡ್ರಿ, ತೊಟ್ಟ ಹಿಡದ ಎತ್ತರಿ. ಬೂದಿ ಹೋಗತೈತಿ."

ಆಕೆಯ ಊರು ವಿಜಯಪುರ ಜಿಲ್ಲೆಯ ತಿಕೋಟಾದ ಕಡೆ. ಗಾಡಿ ಹಾಕುವ ಮುನ್ನ ಹಲವು ವರ್ಷ ಸಾಂಗ್ಲಿ ಜಿಲ್ಲೆಯ ತಾಸಗಾಂವದ ತೋಟಗಳಲ್ಲಿ ದುಡಿದವಳು. ಆಕೆ ಬೂದಿ ಎಂದದ್ದು ದ್ರಾಕ್ಷಿಯ ಸಿಪ್ಪೆಯ ಮೇಲೆ ಬಳ್ಳಿಯೇ ಲೇಪಿಸುವ ಮೇಣದ ತೆಳುಪದರವನ್ನು. ಮಂಜು ಕವಿದಂತೆ ಕಾಣುವ ಆ ಪದರ ಹಣ್ಣಿನ ನೀರು ಆರದಂತೆ ಕಾಯುತ್ತದೆ. ಬೆರಳು ಸೋಕಿದರೆ ಅಳಿಸಿಹೋಗುತ್ತದೆ, ಮತ್ತೆ ಮೂಡುವುದಿಲ್ಲ. ದೂರದೇಶದ ಕೊಳ್ಳುಗರು ಅದು ಅಳಿಯದೆ ಉಳಿದಿದೆಯೇ ಎಂದು ನೋಡಿ ಬೆಲೆ ಕಟ್ಟುತ್ತಾರೆ. ಒಣದ್ರಾಕ್ಷಿ ಮಾಡುವಾಗ ಇದೇ ಬೂದಿಯ ಪಾಡು ತಲೆಕೆಳಗು: ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ದ್ರಾವಣದಲ್ಲಿ ಅದ್ದಿ, ಮೇಣದ ಆ ಪದರವನ್ನು ಬೇಕೆಂದೇ ಸಡಿಲಿಸಿ, ನೀರು ಬೇಗ ಆರಿಹೋಗಲೆಂದು ನೆರಳಿನ ಅಟ್ಟಣಿಗೆಗಳ ಮೇಲೆ ಹರಡುತ್ತಾರೆ. ಒಂದೇ ಹಣ್ಣು, ಒಂದು ಕಡೆ ಬೂದಿಯನ್ನು ಕಾಯಬೇಕು, ಇನ್ನೊಂದು ಕಡೆ ಕಳೆಯಬೇಕು. ತೋಟದ ಕೈಗಳಿಗೆ ಎರಡೂ ಗೊತ್ತು.

ಆ ಹೆಂಗಸಿನ ಗದರಿಕೆಯನ್ನೇ ಯಂತ್ರಕ್ಕೆ ಕಲಿಸಲು ಜಗತ್ತಿನ ಪ್ರಯೋಗಶಾಲೆಗಳು ಅರ್ಧ ಶತಮಾನಕ್ಕೂ ಮಿಕ್ಕಿ ಹೆಣಗುತ್ತಿವೆ. ಮೃದುವಾದ ಹಣ್ಣನ್ನು ರೋಬೋಟಿನಿಂದ ಕೊಯ್ಯಿಸುವ ಸುದ್ದಿ ಓದುವಾಗಲೆಲ್ಲ ಅದು ನಾಳೆಯ ಸಂಗತಿ ಎಂಬ ಭಾವನೆ ನಮ್ಮಲ್ಲಿ ಹುಟ್ಟುತ್ತದೆ. ಆದರೆ ಅದಕ್ಕೆ ಈಗಾಗಲೇ ಸಾಕಷ್ಟು ಉದ್ದದ ಇತಿಹಾಸವಿದೆ.

ಹಣ್ಣನ್ನು ಕಣ್ಣಿನಿಂದ ಗುರುತಿಸಿ ಒಂದೊಂದಾಗಿ ಕೀಳುವ ಯಂತ್ರ ಸಾಧ್ಯವೆಂಬ ವಿಚಾರವನ್ನು 1968ರಲ್ಲಿಯೇ ಅಮೆರಿಕದ ಶರ್ಟ್ಸ್ ಮತ್ತು ಬ್ರೌನ್ ಎಂಬ ಎಂಜಿನಿಯರರು ಕಿತ್ತಳೆಯನ್ನು ಕುರಿತ ಪ್ರಬಂಧವೊಂದರಲ್ಲಿ ಮುಂದಿಟ್ಟಿದ್ದರು. ಎಲೆಗಿಂತ ಹಣ್ಣು ಬೆಳಕನ್ನು ಬೇರೆ ರೀತಿಯಲ್ಲಿ ಪ್ರತಿಫಲಿಸುತ್ತದೆ, ಆ ವ್ಯತ್ಯಾಸವೇ ಯಂತ್ರದ ಕಣ್ಣಿಗೆ ಸಾಕು ಎಂಬುದು ಅವರ ತರ್ಕ. ಆ ದಶಕದಲ್ಲಿ ಗೆದ್ದದ್ದು ಮಾತ್ರ ನೋಡಿ ಕೀಳುವ ಯಂತ್ರವಲ್ಲ, ನೋಡದೆ ಅಲುಗಾಡಿಸುವ ಯಂತ್ರ. ರಸ ಮತ್ತು ವೈನ್‌ಗೆ ಬೆಳೆಯುವ ದ್ರಾಕ್ಷಿಯ ಸಾಲಿನ ಮೇಲೆ ಕಾಲು ಚಾಚಿ ಸಾಗುತ್ತ, ಬಳ್ಳಿಯನ್ನು ಬಡಿದು ನಡುಗಿಸಿ, ಉದುರಿದ ಹಣ್ಣನ್ನು ತಳದಲ್ಲಿ ಹಿಡಿದುಕೊಳ್ಳುವ ಯಂತ್ರ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ರೂಪುಗೊಂಡಿತು. ಅದರ ಹಿಂದಿದ್ದವರು ಕಾರ್ನೆಲ್ ವಿಶ್ವವಿದ್ಯಾಲಯದ ನೆಲ್ಸನ್ ಶೌಲಿಸ್ ಮತ್ತು ಶೆಪರ್ಡ್‌ಸನ್. ಶೌಲಿಸ್ ಯಂತ್ರದ ತಜ್ಞರಲ್ಲ, ಬಳ್ಳಿಯ ತಜ್ಞರು. ಎಲೆಗಳಿಗೆ ಬಿಸಿಲು ಚೆನ್ನಾಗಿ ತಾಗಲೆಂದು ಬಳ್ಳಿಯನ್ನು ಎರಡು ಪರದೆಗಳಂತೆ ಇಳಿಬಿಡುವ ಹೊಸ ಹಂದರವನ್ನು ಅವರು ಕಟ್ಟಿದ್ದರು. ಯಂತ್ರವನ್ನು ಆ ಹಂದರಕ್ಕೆ ಹೊಂದಿಸಿಯೇ ರೂಪಿಸಿದರು.

ಇಡೀ ಇತಿಹಾಸದ ಕೀಲಿ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಕೊಯ್ಲಿನ ಯಂತ್ರ ತೋಟಕ್ಕೆ ಹೊಂದಿಕೊಂಡ ಉದಾಹರಣೆಗಳು ಕಡಿಮೆ. ಗಿಡವೋ ತೋಟವೋ ಮೊದಲು ಯಂತ್ರಕ್ಕೆ ಹೊಂದಿಕೊಂಡಿರುತ್ತದೆ.

ಟೊಮೆಟೊದ ಕಥೆ ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ ಕೋಬಿ ಲೊರೆನ್ಜನ್ ಕೊಯ್ಲಿನ ಯಂತ್ರವನ್ನು ರೂಪಿಸುತ್ತಿದ್ದಾಗ, ಅದೇ ಆವರಣದಲ್ಲಿ ಜ್ಯಾಕ್ ಹ್ಯಾನಾ ಆ ಯಂತ್ರದ ಏಟು ತಾಳಬಲ್ಲ ಟೊಮೆಟೊವನ್ನು ರೂಪಿಸುತ್ತಿದ್ದರು. ಸಿಪ್ಪೆ ಗಟ್ಟಿ ಇರಬೇಕು, ಹಣ್ಣುಗಳೆಲ್ಲ ಒಟ್ಟಿಗೇ ಮಾಗಬೇಕು, ಅಲುಗಿಸಿದರೆ ಕಳಚಿ ಬೀಳಬೇಕು. ರುಚಿಯ ಮಾತು ಆ ಪಟ್ಟಿಯಲ್ಲಿ ಎಷ್ಟನೆಯದಾಗಿತ್ತೋ! ಮೆಕ್ಸಿಕೋದಿಂದ ಕೂಲಿಗಳನ್ನು ಕರೆತರುವ ಬ್ರಾಸೆರೋ ಒಪ್ಪಂದ 1964ರಲ್ಲಿ ಕೊನೆಗೊಂಡದ್ದೇ ತಡ, ಆ ದಶಕ ಮುಗಿಯುವಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಂಸ್ಕರಣೆಗೆ ಹೋಗುವ ಟೊಮೆಟೊದ ಬಹುಪಾಲು ಯಂತ್ರದ ಪಾಲಾಯಿತು. ಲ್ಯಾಂಗ್ಡನ್ ವಿನ್ನರ್ 1980ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಕೊಡುವ ಲೆಕ್ಕದಂತೆ, 1960ರ ದಶಕದ ಆರಂಭದಲ್ಲಿ ಸುಮಾರು 4,000 ಇದ್ದ ಟೊಮೆಟೊ ಬೆಳೆಗಾರರ ಸಂಖ್ಯೆ 1973ರ ಹೊತ್ತಿಗೆ 600ರಷ್ಟಕ್ಕೆ ಇಳಿಯಿತು. ಆ ದಶಕದ ಕೊನೆಗೆ ಸುಮಾರು 32,000 ಕೆಲಸಗಳು ಇಲ್ಲವಾಗಿದ್ದವು. ಕೂಲಿಗಳು ಮಾತ್ರವಲ್ಲ, ಯಂತ್ರ ಕೊಳ್ಳಲಾಗದ ಸಣ್ಣ ರೈತರೂ ಹೋದರು. ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆ ದೊಡ್ಡ ಜಮೀನ್ದಾರರಿಗಷ್ಟೇ ಲಾಭ ತಂದಿತೆಂದು 1979ರಲ್ಲಿ ಕೂಲಿಗಳ ಪರವಾದ ಕಾನೂನು ನೆರವಿನ ಸಂಸ್ಥೆಯೊಂದು ವಿಶ್ವವಿದ್ಯಾಲಯದ ಮೇಲೆಯೇ ಮೊಕದ್ದಮೆ ಹೂಡಿತು. ಹತ್ತು ವರ್ಷ ನಡೆದ ಆ ವ್ಯಾಜ್ಯದಲ್ಲಿ ಕೊನೆಗೆ ಮೇಲ್ಮನವಿ ನ್ಯಾಯಾಲಯ ವಿಶ್ವವಿದ್ಯಾಲಯದ ಪರ ನಿಂತಿತು. ಕೂಲಿಗಳು ಸೋತರು. ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾವು ಭಾವಿಸುವುದಿಲ್ಲ.

ಅದೇ ರಾಜ್ಯದಲ್ಲಿ, ಅದೇ ವರ್ಷಗಳಲ್ಲಿ, ತಿನ್ನುವ ದ್ರಾಕ್ಷಿ ಬೇರೊಂದು ದಾರಿ ಹಿಡಿಯಿತು. 1965ರ ಸೆಪ್ಟೆಂಬರಿನಲ್ಲಿ ಡೆಲಾನೋ ಎಂಬಲ್ಲಿ ಫಿಲಿಪಿನೋ ಕೂಲಿಗಳು ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದಲ್ಲಿ ದ್ರಾಕ್ಷಿ ಕೊಯ್ಯುವುದನ್ನು ನಿಲ್ಲಿಸಿದರು. ಸೀಸರ್ ಚಾವೇಸ್ ನೇತೃತ್ವದ ಮೆಕ್ಸಿಕನ್ ಕೂಲಿಗಳು ಜೊತೆಗೂಡಿದರು. ಐದು ವರ್ಷದ ಮುಷ್ಕರ ಮತ್ತು ದೇಶವ್ಯಾಪಿ ದ್ರಾಕ್ಷಿ ಬಹಿಷ್ಕಾರದ ಬಳಿಕ 1970ರ ಜುಲೈನಲ್ಲಿ ಮಾಲೀಕರು ಒಪ್ಪಂದಕ್ಕೆ ಬಂದರು. ಟೊಮೆಟೊ ಕೂಲಿಗಳಿಗೆ ದಕ್ಕದ ಈ ಜಯದಲ್ಲಿ ಸಂಘಟನೆಯ ಪಾಲು ದೊಡ್ಡದು, ಅನುಮಾನವಿಲ್ಲ. ಆದರೆ ಬೂದಿ ಅಳಿಯದಂತೆ ಗೊಂಚಲು ಕತ್ತರಿಸುವ ಯಂತ್ರ ಆಗ ಇರಲಿಲ್ಲವೆಂಬುದೂ ಅವರ ಬೆನ್ನಿಗಿತ್ತು. ತಿನ್ನುವ ದ್ರಾಕ್ಷಿಯನ್ನು ಅಲ್ಲಿ ಇಂದಿಗೂ ಕೈಯಿಂದಲೇ ಕೊಯ್ಯುತ್ತಾರೆ.

ಕಣ್ಣುಳ್ಳ ಯಂತ್ರಗಳು ಆಮೇಲೆ ಬಂದವು. 1984ರಲ್ಲಿ ಜಪಾನಿನ ಕ್ಯೋಟೋದಲ್ಲಿ ಕವಾಮುರ ಮತ್ತು ಸಂಗಡಿಗರು ಟೊಮೆಟೊ ಕೀಳುವ ರೋಬೋಟನ್ನು ಮಾಡಿದರು. 1990ರ ದಶಕದ ಆರಂಭದಲ್ಲಿ ಓಕಯಾಮ ವಿಶ್ವವಿದ್ಯಾಲಯದ ಕೊಂಡೊ ನವೋಷಿ ದ್ರಾಕ್ಷಿಗೇ ಕೈಹಾಕಿದರು. ಜಪಾನೀಯರು ದ್ರಾಕ್ಷಿಯನ್ನು ಬೆಳೆಯುವುದು ನಮ್ಮ ಹಳೆಯ ತೋಟಗಳಂತೆ ಚಪ್ಪರದ ಮೇಲೆ. ಗೊಂಚಲುಗಳು ತಲೆಯ ಮೇಲೆ ತೂಗುತ್ತವೆ. ಕೊಂಡೊ ಅವರ ರೋಬೋಟ್ ಕೈ ಬದಲಿಸಿಕೊಂಡು ಕೊಯ್ಯುವುದಲ್ಲದೆ ಕಾಳು ತೆಳುಮಾಡುವುದನ್ನು, ಗೊಂಚಲಿಗೆ ಚೀಲ ಕಟ್ಟುವುದನ್ನು, ಔಷಧಿ ಸಿಂಪಡಿಸುವುದನ್ನು ಮಾಡಬೇಕೆಂಬುದು ಯೋಜನೆ. ಕೊಯ್ಲು ವರ್ಷದ ಕೊನೆಯ ಕೆಲಸ ಮಾತ್ರ, ತೋಟದ ಜಾಣತನ ಅದಕ್ಕಿಂತ ಹಿಂದಿನ ಕೆಲಸಗಳಲ್ಲಿದೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಈಚಿನ ಯಂತ್ರಗಳ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. ಸೇಬನ್ನು ಗಾಳಿಯ ಸೆಳೆತದಿಂದ ಹೀರಿ ಕೀಳುವ ಅಬಂಡಂಟ್ ರೋಬಾಟಿಕ್ಸ್ ಕಂಪನಿಯ ಯಂತ್ರ 2019ರಲ್ಲಿ ನ್ಯೂಜಿಲೆಂಡಿನ ತೋಟಗಳಿಗೆ ಇಳಿದು ಬಹಳ ಸುದ್ದಿಯಾಯಿತು. ಕಂಪನಿ 2021ರಲ್ಲಿ ಬಾಗಿಲು ಹಾಕಿತು. ಅಲ್ಲಿಯೂ ಸೇಬಿನ ಮರಗಳನ್ನು ಮೊದಲೇ ಗೋಡೆಯಂತೆ ಚಪ್ಪಟೆಯಾಗಿ ಬೆಳೆಸಿರಬೇಕಿತ್ತು. ಸ್ಟ್ರಾಬೆರಿಯ ಪಾಡೂ ಹೀಗೆಯೇ. ಪುಣೆಯವರು ವಾರಾಂತ್ಯಕ್ಕೆ ಓಡುವ ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಅಲ್ಲಿನ ಗಿಡ ನೆಲಕ್ಕೆ ಅಂಟಿಕೊಂಡು ಹಣ್ಣನ್ನು ಎಲೆಯ ಕೆಳಗೆ ಬಚ್ಚಿಡುತ್ತದೆ. ಕುಕ್ಕರಗಾಲಿನಲ್ಲಿ ಕೂತ ಹೆಂಗಸು ಎಡಗೈಯಿಂದ ಎಲೆ ಸರಿಸಿ ಬಲಗೈಯಿಂದ ತೊಟ್ಟು ಚಿವುಟುತ್ತಾಳೆ. ಯಂತ್ರಕ್ಕೆ ಆ ಎಡಗೈಯೇ ಕಷ್ಟ. ಯುರೋಪಿನಲ್ಲಿ ಸ್ಟ್ರಾಬೆರಿ ರೋಬೋಟುಗಳು ಓಡಾಡುತ್ತಿರುವ ಕಡೆ ಗಿಡಗಳನ್ನು ಮೇಜಿನೆತ್ತರದ ತೊಟ್ಟಿಗಳಲ್ಲಿ ನೆಟ್ಟು, ಹಣ್ಣು ಅಂಚಿನಿಂದ ಕೆಳಕ್ಕೆ ಜೋಲುವಂತೆ ಮಾಡಿದ್ದಾರೆ. ಅಂದರೆ ಯಂತ್ರ ನೆಲಕ್ಕೆ ಬಾಗಲಿಲ್ಲ, ಹೊಲವೇ ಮೇಲೆದ್ದಿತು.

ಇನ್ನು ನಮ್ಮ ದಖ್ಖನಿನ ಮಾತು. ಇಲ್ಲಿ ದ್ರಾಕ್ಷಿ ಹೊಸದಲ್ಲ. 14ನೆಯ ಶತಮಾನದಲ್ಲಿ ದೌಲತಾಬಾದನ್ನು ಕಂಡ ಇಬ್ನ್ ಬತೂತ ಅಲ್ಲಿನ ದ್ರಾಕ್ಷಿ ಮತ್ತು ದಾಳಿಂಬೆಗಳು ವರ್ಷಕ್ಕೆರಡು ಬಾರಿ ಫಲ ಕೊಡುತ್ತವೆಂದು ದಾಖಲಿಸಿದ್ದಾನೆ. ಶೀತದೇಶಗಳಲ್ಲಿ ದ್ರಾಕ್ಷಿಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ಮನುಷ್ಯನೇ ಕತ್ತರಿ ಹಿಡಿದು ಅದಕ್ಕೆ ಋತುಗಳನ್ನು ಹೇಳಿಕೊಡಬೇಕು: ಏಪ್ರಿಲ್ ಸುಮಾರಿಗೆ ಕಡ್ಡಿ ಬಲಿಯಲೆಂದು ಒಂದು ಚಾಟಣಿ, ಅಕ್ಟೋಬರ್ ಸುಮಾರಿಗೆ ಫಲಕ್ಕಾಗಿ ಇನ್ನೊಂದು. ಎರಡು ಚಾಟಣಿಗೆ ಒಂದು ಬೆಳೆ.

ಅಕ್ಟೋಬರಿನ ಚಾಟಣಿಯಾದ ಮೇಲೆ ಕೈಗಳಿಗೆ ಬಿಡುವಿಲ್ಲ. ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಎಂಬ ದ್ರಾವಣವನ್ನು ಕಡ್ಡಿ ಕಡ್ಡಿಗೂ ಬಟ್ಟೆಯಿಂದ ಒರೆಸಬೇಕು. ಚರ್ಮ ಸುಡುವ ವಿಷವದು. ಕೈಗವಸು ಇದ್ದಾಗ ಇರುತ್ತದೆ, ಇಲ್ಲದಾಗ ಇಲ್ಲ. ಚಿಗುರು ಬಂದಮೇಲೆ ಹೆಚ್ಚಿನದನ್ನು ಚಿವುಟಬೇಕು. ಹೂಗೊಂಚಲು ಉದ್ದವಾಗಲೆಂದು ಒಮ್ಮೆ, ಕಾಳು ದಪ್ಪವಾಗಲೆಂದು ಮತ್ತೆ, ಜಿಬ್ಬರೆಲಿಕ್ ಆಮ್ಲವನ್ನು ಕೊಡಬೇಕು; ಹತ್ತು ಲಕ್ಷ ಭಾಗ ನೀರಿಗೆ 10 ಭಾಗದಿಂದ 40 ಭಾಗದವರೆಗೆ, ಹಂತಕ್ಕೊಂದು ಅಳತೆ. ಭತ್ತದ ಪೈರು ಮಿತಿಮೀರಿ ಉದ್ದವಾಗಿ ಬಿದ್ದುಹೋಗುವ ರೋಗವನ್ನು ಅಭ್ಯಸಿಸುತ್ತ ಜಪಾನಿನ ಕುರೊಸಾವ 1926ರಲ್ಲಿ ಇದರ ಜಾಡು ಹಿಡಿದರು. 1950ರ ದಶಕದ ಕೊನೆಯಲ್ಲಿ ಡೇವಿಸ್‌ನ ರಾಬರ್ಟ್ ವೀವರ್ ಇದನ್ನು ದ್ರಾಕ್ಷಿಗೆ ತಂದರು. ನಮ್ಮ ತೋಟಗಳಲ್ಲಿ ಕಾಳಿನ ಹಂತದ ಈ ದ್ರಾವಣವನ್ನು ಮಗ್ಗಿನಲ್ಲಿ ತುಂಬಿ, ಒಂದೊಂದೇ ಗೊಂಚಲನ್ನು ಅದ್ದಿ ಬಿಡುವ ರೂಢಿ ಬೆಳೆಯಿತು. ಒಂದು ಎಕರೆಯಲ್ಲಿ ಎಷ್ಟು ಸಾವಿರ ಗೊಂಚಲು, ಅಷ್ಟು ಸಾವಿರ ಸಲ ತೋಳು ಮೇಲೇಳಬೇಕು.

ಬಳಿಕ ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ, ಕಾಳು ತೆಗೆಯುವುದು. ಬೀಜರಹಿತ ದ್ರಾಕ್ಷಿ ಒತ್ತೊತ್ತಾಗಿ ಕಾಯಿ ಕಟ್ಟುತ್ತದೆ. ರಫ್ತಿನ ಗೊಂಚಲಿನಲ್ಲಿ ನೂರು ಅಥವಾ ನೂರಿಪ್ಪತ್ತು ಕಾಳು ಉಳಿಸಿ ಮಿಕ್ಕದ್ದನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಹಾಕಬೇಕು, ಉಳಿದ ಕಾಳಿಗೆ ಮೊನೆ ತಾಗದಂತೆ. ಹಣ್ಣು ಗುಲಾಬಿ ಬಣ್ಣಕ್ಕೆ ತಿರುಗಬಾರದೆಂದು ಕೆಲವೆಡೆ ಗೊಂಚಲಿಗೆ ಹಳೆಯ ವೃತ್ತಪತ್ರಿಕೆಯನ್ನೂ ಸುತ್ತುತ್ತಾರೆ. ಹೀಗೆ ಎಲ್ಲ ಮುಗಿದ ಮೇಲೆ ಕೊಯ್ಲು: ಬಿಸಿಲೇರುವ ಮುನ್ನ ತೊಟ್ಟು ಹಿಡಿದು ಕತ್ತರಿಸಿ, ಕೆಲವೇ ಗಂಟೆಗಳೊಳಗೆ ಶೀತಲಗೃಹ ಮುಟ್ಟಿಸಿ, 4 ಡಿಗ್ರಿಗೆ ತಂಪಾಗಿಸಬೇಕು.

ಎಷ್ಟು ಕಾಳು ಬಿಡುವುದೆಂದು ಹೇಗೆ ಲೆಕ್ಕ ಹಾಕುತ್ತೀರಿ ಎಂದು ನಾವು ಗಾಡಿಯವಳನ್ನು ಕೇಳಿದ್ದೆವು. ಆಕೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಎಣಸೂದಿಲ್ರಿ. ಗೊಂಚಲ ಅಲಗಾಡಿಸಿದ್ರ ಕೈಗೆ ಗೊತ್ತಾಗತೈತಿ." ಜಪಾನಿನ ಯಮನಾಶಿ ವಿಶ್ವವಿದ್ಯಾಲಯದವರು ಕ್ಯಾಮೆರಾ ಹಿಡಿದು ಗೊಂಚಲಿನ ಕಾಳೆಣಿಸುವ ಗಣಕವಿಧಾನವೊಂದನ್ನು ಈಚಿನ ವರ್ಷಗಳಲ್ಲಿ ರೂಪಿಸಿದ್ದಾರೆ, ಹಿಂಬದಿಯಲ್ಲಿ ಕಣ್ಣಿಗೆ ಕಾಣದ ಕಾಳುಗಳನ್ನು ಅಂದಾಜಿಸುವುದೇ ಅಲ್ಲಿನ ತೊಡಕು. ಅಲ್ಲಿ ತಜ್ಞಕೈಗಳು ಮುಪ್ಪಾಗುತ್ತಿವೆ, ಹೊಸಬರಿಗೆ ಕಲಿಸಲು ಯಂತ್ರ ಬೇಕಾಗಿದೆ. ನಮ್ಮಲ್ಲಿ ಕೈಗಳು ಇನ್ನೂ ಇವೆ. ಅವುಗಳ ಜಾಣ್ಮೆಯನ್ನು ಯಾರೂ ಬರೆದಿಟ್ಟಿಲ್ಲ.

ಬರೆದಿಟ್ಟ ಹೆಸರುಗಳು ಇಲ್ಲವೆಂದಲ್ಲ. ಥಾಮ್ಸನ್ ಸೀಡ್‌ಲೆಸ್ ತಳಿಯಿಂದ ತಾಸಗಾಂವದ ಭಾಗದ ರೈತ ವಸಂತರಾವ್ ಆರ್ವೆ ಆಯ್ದು ಬೆಳೆಸಿದ ಬಳ್ಳಿ 'ತಾಸ್-ಎ-ಗಣೇಶ್' ಆಯಿತು. ಅದರಲ್ಲಿ ಉದ್ದ ಕಾಳಿನದೊಂದು ರೂಪಾಂತರವನ್ನು ಸೊಲ್ಲಾಪುರ ಬಳಿಯ ನನ್ನಜದ ನಾನಾಸಾಹೇಬ್ ಕಾಳೆ ಗುರುತಿಸಿದರು, ಅದು 'ಸೊನಾಕಾ'. ಕಣ್ಣಿದ್ದ ರೈತರು ಅವರು, ಹೆಸರು ಉಳಿದದ್ದು ನ್ಯಾಯವೇ. ಚಪ್ಪರಗಳು ಹೋಗಿ 'ವೈ' ಆಕಾರದ ಹಂದರಗಳು ಬಂದವು. ಗೊಂಚಲುಗಳು ಈಗ ಎರಡು ರೆಕ್ಕೆಗಳ ಕೆಳಗೆ ಸಾಲಾಗಿ, ಎದೆಯಿಂದ ತಲೆಯ ಎತ್ತರದಲ್ಲಿ, ಒಂದರಿಂದೊಂದು ಬಿಡಿಯಾಗಿ ಇಳಿಬಿದ್ದಿರುತ್ತವೆ. ಇದನ್ನು ಮಾಡಿದ್ದು ಬಿಸಿಲು, ಗಾಳಿ, ಔಷಧಿ ಚೆನ್ನಾಗಿ ತಾಗಲೆಂದು. ಆದರೆ ಯಂತ್ರದ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಅನುಕೂಲದ ತೋಟ ಬೇರಿಲ್ಲ. ಡೇವಿಸ್‌ನಲ್ಲಿ ಇಬ್ಬರು ವಿಜ್ಞಾನಿಗಳು ಬೇಕೆಂದೇ ಮಾಡಿದ್ದನ್ನು ನಮ್ಮಲ್ಲಿ ರೈತರೂ ಕೂಲಿಗಳೂ ತಮಗರಿವಿಲ್ಲದೆ ಮಾಡಿಟ್ಟಿದ್ದಾರೆ. ಉಳಿದದ್ದು ಹಸಿರೆಲೆಯ ನಡುವೆ ಹಸಿರು ತೊಟ್ಟನ್ನು ಗುರುತಿಸುವ ಕಣ್ಣು, ಮತ್ತು ಬೂದಿ ಸೋಕದ ಬೆರಳು. ಕಣ್ಣು 2012ರ ಈಚೆಗೆ ಬಹಳ ಚುರುಕಾಗಿದೆ. ಲಕ್ಷಾಂತರ ಚಿತ್ರಗಳನ್ನು ನೋಡಿ ತಾನೇ ಕಲಿಯುವ ವಿಧಾನ ಆಗ ಗೆದ್ದಿತು. ಆ ಚಿತ್ರಗಳಲ್ಲಿ ಕಾಣುವ ಅಚ್ಚುಕಟ್ಟಾದ ಗೊಂಚಲು ಯಾರ ಕತ್ತರಿಯಿಂದ ಹಾಗಾಯಿತೆಂದು ಯಂತ್ರ ಕೇಳುವುದಿಲ್ಲ.

ನಾವಿರುವ ಖರಾಡಿಯಿಂದ ಮುಳಾ-ಮುಠಾ ನದಿಯ ಆಚೆ ದಡದಲ್ಲಿ, ಮಾಂಜರಿಯಲ್ಲಿ, ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರವಿದೆ. ಅದು ಆರಂಭವಾದದ್ದು 1997ರಲ್ಲಿ. ಖರಾಡಿ ಹಳ್ಳಿ ಪುಣೆಯ ಮಹಾನಗರ ಪಾಲಿಕೆಗೆ ಸೇರಿದ್ದೂ ಅದೇ ವರ್ಷ. ಒಂದು ದಡದಲ್ಲಿ ಹೊಲಗಳು ಹೋಗಿ ಗಣಕದ ಕಚೇರಿಗಳು ಎದ್ದವು, ಇನ್ನೊಂದು ದಡದಲ್ಲಿ ಬಳ್ಳಿಯ ಬೇರುಕಾಂಡ, ಔಷಧಿಯ ಶೇಷಾಂಶ, ಹೊಸ ತಳಿಗಳ ಅಧ್ಯಯನ ನಡೆಯಿತು. ನಡುವೆ ಹರಿಯುವ ನೀರು, ಇಂದಿನ ಅದರ ಸ್ಥಿತಿಯನ್ನು ನೋಡಿದರೆ ನೀರೆನ್ನಲು ಮನಸ್ಸು ಬಾರದಿದ್ದರೂ, ಭೀಮೆಯನ್ನು ಸೇರಿ ಪಂಢರಪುರ ದಾಟಿ ನಮ್ಮ ಇಂಡಿ, ಅಫಜಲಪುರಗಳ ಕಡೆಗೇ ಹೋಗುತ್ತದೆ. ಕೂಲಿಗಳು ಬರುವುದು ಹೊಳೆಗೆ ಎದುರಾಗಿ: ಜತ್ತದಿಂದ, ಇಂಡಿಯಿಂದ, ತಿಕೋಟಾದಿಂದ.

ಮಾಂಜರಿಯ ಕೇಂದ್ರದ ಪ್ರಯೋಗಶಾಲೆಯೇ ಶೇಷಾಂಶ ಪರೀಕ್ಷೆಗೆ ರಾಷ್ಟ್ರಮಟ್ಟದ ಆಕರ. ರಫ್ತಿಗಾಗಿ 2006ರಿಂದ 'ಗ್ರೇಪ್‌ನೆಟ್' ಎಂಬ ವ್ಯವಸ್ಥೆ ಜಾರಿಯಲ್ಲಿದೆ. ಪ್ರತಿ ತೋಟಕ್ಕೂ ನೋಂದಣಿ ಸಂಖ್ಯೆ; ಯುರೋಪಿನ ಅಂಗಡಿಯ ಪೆಟ್ಟಿಗೆಯೊಂದನ್ನು ಹಿಡಿದು ಹಿಂದಕ್ಕೆ ಬಂದರೆ ಯಾವ ಹಳ್ಳಿಯ ಯಾವ ತೋಟದ್ದೆಂದು ತಿಳಿಯುತ್ತದೆ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷಾಂಶ ಕಂಡು ಭಾರತದ ದ್ರಾಕ್ಷಿ ಯುರೋಪಿನ ಬಂದರುಗಳಲ್ಲಿ ಸಿಕ್ಕಿಬಿದ್ದಾಗ ಬೆಳೆಗಾರರು ಭಾರಿ ನಷ್ಟ ಅನುಭವಿಸಿದರು. ಆಮೇಲೆ ಪರೀಕ್ಷೆಯ ಪಟ್ಟಿ ಇನ್ನೂ ಬಿಗಿಯಾಯಿತು. ಕಡತಗಳ ನಡುವೆಯೇ ಬದುಕು ಸವೆಸುವ ನಮ್ಮಂಥವರಿಗೆ ಇಂಥ ದಾಖಲೆಯ ಶಿಸ್ತು ಕಂಡರೆ ಗೌರವ ಮೂಡುತ್ತದೆ. ಆದರೂ ಒಂದು ಅಂಕಣ ಅದರಲ್ಲಿಲ್ಲ. ತೋಟ, ರೈತ, ಔಷಧಿ, ತಾರೀಖು, ಪ್ಯಾಕ್‌ಹೌಸ್ ಎಲ್ಲಕ್ಕೂ ಸಂಖ್ಯೆ ಇದೆ. ಗೊಂಚಲನ್ನು ನಾಲ್ಕು ತಿಂಗಳಲ್ಲಿ ಹಲವು ಸಲ ಮುಟ್ಟಿದವಳಿಗೆ ಇಲ್ಲ. ನಾಳೆ ಯಂತ್ರ ಬಂದು ಆಕೆಯ ಕೆಲಸ ಹೋದರೆ, ಹೋಯಿತೆಂದು ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಕೂಲಿಗಳು ನ್ಯಾಯಾಲಯಕ್ಕಾದರೂ ಹೋಗಬಲ್ಲವರಾದದ್ದು, ಎಷ್ಟು ಜನ ಇದ್ದರು, ಎಷ್ಟು ಜನ ಇಲ್ಲವಾದರು ಎಂಬ ಲೆಕ್ಕ ಅಲ್ಲಿತ್ತೆಂಬ ಕಾರಣದಿಂದಲೂ ಹೌದು.

ಯಂತ್ರ ಬೇಡವೆನ್ನುವವರ ಸಾಲಿನಲ್ಲಿ ನಾವಿಲ್ಲ. ಸಯನಮೈಡ್ ಒರೆಸುವ ಕೆಲಸವನ್ನು ನಾಳೆಯೇ ರೋಬೋಟಿಗೆ ವಹಿಸಿದರೆ ಯಾರೂ ಕಣ್ಣೀರಿಡಬೇಕಾಗಿಲ್ಲ. ವಿಚಿತ್ರವೆಂದರೆ ಪ್ರಯೋಗಶಾಲೆಗಳು ಹೆಚ್ಚು ಹಣ ಸುರಿದಿರುವುದು ಕೊಯ್ಲಿಗೆ. ಕೊಯ್ಲಿನ ದಿನವೇ ಕೂಲಿಯೂ ಹೆಚ್ಚು, ಕೂಲಿಗಳ ಬಲವೂ ಹೆಚ್ಚು. ಕಬ್ಬಿನಲ್ಲಿ ಆಗಲೇ ನೋಡಿದ್ದೇವೆ. ಸಾಂಗ್ಲಿ, ಕೊಲ್ಲಾಪುರಗಳಲ್ಲಿ ಕಬ್ಬು ಕಡಿಯುವ ಯಂತ್ರಗಳು ಬಂದಿವೆ, ಅವು ಓಡಾಡಲೆಂದು ಸಾಲುಗಳ ಅಂತರ ಅಗಲವಾಗಿದೆ, ಸರಕಾರದ ಸಹಾಯಧನವೂ ಇದೆ. ಚಿಕ್ಕ ತುಂಡು ಭೂಮಿಯವನ ಸಾಲು ಅಗಲವಾಗುವುದು ಸುಲಭವಲ್ಲ.

ಈ ವರ್ಷ ಗಾಡಿಯವಳು ಮತ್ತೆ ಸಿಕ್ಕಳು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಊರ ಕಡೆ ಕೃಷ್ಣೆಯ ನೀರು ಬಂದಿದೆ. ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಳ್ಳುತ್ತಿದ್ದ ಕಾಲ ಹಿಂದಾಯಿತು. ಮಗ ಎರಡು ಎಕರೆಯಲ್ಲಿ ದ್ರಾಕ್ಷಿ ಹಾಕಿದ್ದಾನಂತೆ, ಸದ್ಯಕ್ಕೆ ಒಣದ್ರಾಕ್ಷಿಗೆ. ಅಕ್ಟೋಬರಿನಲ್ಲಿ ಸೊಸೆಗೆ ಕತ್ತರಿ ಹಿಡಿಯುವುದನ್ನು ಕಲಿಸಲು ಊರಿಗೆ ಹೋಗುವುದಾಗಿ ಹೇಳಿ, ಗೊಂಚಲೊಂದನ್ನು ತೊಟ್ಟು ಹಿಡಿದೆತ್ತಿ, ಬೆಳಕಿಗೆ ಒಮ್ಮೆ ತಿರುಗಿಸಿ, ಒಡೆದಿದ್ದ ಎರಡು ಕಾಳುಗಳನ್ನು ಉಗುರಿನಿಂದ ಕಿತ್ತೊಗೆದು ತಕ್ಕಡಿಗೆ ಹಾಕಿದಳು.